ಅಂತೆ ಬಂದರೆ ಉಪಮೆ

ಕೊಟ್ಟೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದ ಭೀಮರಾಜನಿಗೆ ಸಂಕ್ರಾಂತಿ ಕಳೆದ ವಾರವೇ ದನಿ ಹೋಯಿತು. ಮೊದಲು ಗಂಟಲು ಕೆರೆಯಿತು, ಆಮೇಲೆ ದನಿ ಒಡೆಯಿತು, ಕೊನೆಗೊಂದು ದಿನ ಹಾಜರಿ ಕೂಗುವಾಗ ಮೂವತ್ತನೇ ಹೆಸರಿಗೆ ಬರುವಷ್ಟರಲ್ಲಿ ಬಾಯಿಂದ ಬರೀ ಗಾಳಿ ಬಂತು. ಹೊಸಪೇಟೆಯ ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಕಟ್ಟಿದೆ ಎಂದರು.

"ಆರು ವಾರ ಮಾತಾಡಬ್ಯಾಡ್ರಿ ಮೇಷ್ಟ್ರೇ. ಪಿಸುಮಾತು ಸೈತ ಬ್ಯಾಡ. ಮಾತು ಬಿಟ್ರ ಗಂಟು ತಾನ ಕರಗತೈತಿ, ಬಿಡಲಿಲ್ಲಂದ್ರ ಕತ್ತರಿ ಹಾಕಬೇಕಾಗತೈತಿ."

ಅವನ ಪರವಾಗಿ ಹೆಂಡತಿ ನಾಗಕ್ಕ "ಆಗ್ಲಿರಿ" ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ಅವನಿಗೊಂದು ಜೇಬಿಗೆ ಹಿಡಿಸುವ ಪುಸ್ತಕ, ಒಂದು ಪೆನ್ನು ಕೊಡಿಸಿದಳು. ಅಂದಿನಿಂದ ನೀರು ಬೇಕಾದರೂ ಬರೆದು ತೋರಿಸಬೇಕಾಯಿತು.

ಶಾಲೆಗೆ ರಜೆ ಹಾಕಿದ. ಆದರೆ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಹತ್ತನೇ ತರಗತಿಯ ಹದಿನಾಲ್ಕು ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಪರೀಕ್ಷೆಗೆ ಎರಡೇ ತಿಂಗಳು. ಪದ್ಯ, ಗದ್ಯ, ವ್ಯಾಕರಣ ಎಲ್ಲ ಮುಗಿದು ಅಲಂಕಾರ ಒಂದು ಉಳಿದಿತ್ತು. ಆ ಮಕ್ಕಳನ್ನು ಯಾರ ಹತ್ತಿರ ಕಳಿಸುವುದೆಂದು ಅವನು ಹೆಸರುಗಳನ್ನು ಬರೆದು ಹೊಡೆದು ಹಾಕುತ್ತಿದ್ದಾಗ ನಾಗಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು:

"ನಿಮ್ಮ ನೋಟ್ಸು ಐತಲ್ಲ. ನಾನ ಓದಿ ಹೇಳ್ತೀನಿ ಬಿಡ್ರಿ. ನೀವು ಮಗ್ಗಲದಾಗ ಕುಂದರ್ರಿ, ತಪ್ಪಿದ್ರ ಬರದು ತೋರಸ್ರಿ."

ಭೀಮರಾಜ ಸದ್ದಿಲ್ಲದೆ ನಕ್ಕ. ನಾಗಕ್ಕ ಅಂಗನವಾಡಿಯಲ್ಲಿ ಸಹಾಯಕಿ. ಹಡಗಲಿಯ ಕಡೆಯವಳು, ಪಿಯುಸಿ ಮೊದಲ ವರ್ಷಕ್ಕೇ ಓದು ಬಿಟ್ಟು ಮದುವೆಯಾಗಿ ಬಂದವಳು. ಆದರೆ ಬೇರೆ ದಾರಿಯೂ ಇರಲಿಲ್ಲ.

ಮೊದಲ ದಿನ ಅವನು ಮೂಲೆಯ ಕುರ್ಚಿಯಲ್ಲಿ ಪುಸ್ತಕ ಬಿಚ್ಚಿಕೊಂಡು ಕುಳಿತ, ತಪ್ಪು ಹಿಡಿಯಲು ಸಿದ್ಧನಾಗಿ. ನಾಗಕ್ಕ ಅವನ ನೋಟ್ಸಿನಿಂದ ಉಪಮಾಲಂಕಾರದ ಲಕ್ಷಣವನ್ನು ಗಟ್ಟಿಯಾಗಿ ಓದಿದಳು. ಮಕ್ಕಳು ಬರೆದುಕೊಂಡರು. ಅವಳು ತಲೆ ಎತ್ತಿ ಕೇಳಿದಳು:

"ಮುಖ ಕಮಲದಂತೆ ಅಂತ ಬರದಾರ. ನಿಮ್ಮಾಗ ಕಮಲ ಯಾರು ಕಣ್ಣಿಲೆ ನೋಡೀರಿ?"

ಯಾರೂ ಕೈ ಎತ್ತಲಿಲ್ಲ. ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಎಲೆಕ್ಷನ್ ಟೈಮಿನಾಗ ಗ್ವಾಡಿ ಮ್ಯಾಲ ನೋಡೀವಕ್ಕ."

ಎಲ್ಲರೂ ನಕ್ಕರು. ನಾಗಕ್ಕ ನೋಟ್ಸು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಕಮಲ ಬಿಡ್ರಿ. ನಮ್ಮತ್ತೀನ ತಗೋರಿ. ನಮ್ಮತ್ತಿ ಬೆಂಕಿ ಇದ್ದಂಗ ಅಂದ್ರ ಅದು ಉಪಮೆ. ಅತ್ತಿ ಬ್ಯಾರೆ, ಬೆಂಕಿ ಬ್ಯಾರೆ, ನಡುವ 'ಅಂಗ' ಅನ್ನೋದೊಂದು ಐತಿ. ಆ 'ಅಂಗ' ತಗದು, ನಮ್ಮತ್ತಿ ಬೆಂಕಿ ಅಂದುಬಿಟ್ರ ರೂಪಕ. ಈಗ ಅತ್ತೀನ ಬೆಂಕಿ, ಬೆಂಕೀನ ಅತ್ತಿ, ಎರಡಿಲ್ಲ. ಇನ್ನ, ನಮ್ಮತ್ತಿ ಅಡಿಗಿ ಮನಿಯಾಗ ಕಾಲಿಟ್ರ ಒಲಿ ತಾನ ಹತ್ತಿಕೊಂತೇನೋ ಅನ್ನಂಗಿತ್ತು ಅಂದ್ರ? ಒಲಿ ಖರೇವಂದ್ರೂ ಹತ್ತಲಿಲ್ಲ. ಹತ್ತಿತೇನೋ ಅಂತ ನಾನು ಕಲ್ಪಿಸಿಕೊಂಡೆ. ಅದು ಉತ್ಪ್ರೇಕ್ಷೆ."

ಪಡಸಾಲೆ ನಗೆಯಿಂದ ತುಂಬಿತು. ಭೀಮರಾಜನಿಗೆ ಮೈ ಕಾದಂತಾಯಿತು. ತೀರಿಹೋದ ತನ್ನ ತಾಯಿಯನ್ನು ಉಪಮಾನ ಮಾಡಿದ್ದಾಳೆ ಎಂದು ಸಿಟ್ಟು ಬಂತು. ಮರುಗಳಿಗೆಯಲ್ಲೇ, ಅಲ್ಲ, ಉಪಮಾನ ಬೆಂಕಿ, ತಾಯಿ ಉಪಮೇಯ ಎಂದು ಮನಸ್ಸು ತಾನೇ ತಿದ್ದಿತು. ತಪ್ಪು ಹುಡುಕಿದ. ಸಿಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿ ಕೊಡಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಪಾಠ ಮುಗಿದ ಮೇಲೆ, 'ಉಪಮೇಯ, ಉಪಮಾನ ಎಂಬ ಶಬ್ದ ಬಳಸಲಿಲ್ಲ' ಎಂದು ಬರೆದು ತೋರಿಸಿದ. ನಾಗಕ್ಕ ಓದಿ, "ಹೌದಲ್ಲ, ಚಲೋ ಹೇಳಿದ್ರಿ" ಎಂದಳು. ಮರುದಿನ ಆ ಶಬ್ದಗಳೂ ಅವಳ ಪಾಠದಲ್ಲಿ ಬಂದವು, ಮನೆಯ ಮಾತಿನಂತೆಯೇ. ಅವನು ಹಿಡಿದ ತಪ್ಪು ಅವಳ ಪಾಠವನ್ನು ಇನ್ನಷ್ಟು ಚಂದ ಮಾಡಿತು.

ಮೂರನೇ ದಿನ ಶ್ಲೇಷ. "ಹಡಗಲಿ ಸಂತ್ಯಾಗ ನಮ್ಮವ್ವ ಮಲ್ಲಿಗಿ ಮಾರ್ತಿದ್ಲು" ಎಂದು ನಾಗಕ್ಕ ಶುರು ಮಾಡಿದಳು. "ಬುಟ್ಟ್ಯಾಗ ಏನೈತವ್ವ ಅಂದ್ರ 'ಹೂ' ಅಂತಿದ್ಲು. ಕೊಡ್ತೀಯೇನು ಅಂದ್ರೂ 'ಹೂ' ಅಂತಿದ್ಲು. ಮಾತು ಒಂದ, ಅರ್ಥ ಎರಡು."

ಅಂದು ಜ್ವರ ಬಂದು ಮಲಗಿದ್ದ ಗೆಳತಿಗೆ ಕಳಿಸಲೆಂದು ಭೂಮಿಕಾ ಎಂಬ ಹುಡುಗಿ ತನ್ನ ತಾಯಿಯ ಫೋನಿನಲ್ಲಿ ಪಾಠವನ್ನು ರೆಕಾರ್ಡ್ ಮಾಡಿಕೊಂಡಳು. ಕುರಿ ಸಾಕುವ ಮನೆಯ ಹುಡುಗಿ, ಮಾತು ಕಡಿಮೆ, ಕಿವಿ ಚುರುಕು. ಗೆಳತಿ ಹಗರಿಬೊಮ್ಮನಹಳ್ಳಿಯ ತನ್ನ ಚಿಕ್ಕಪ್ಪನ ಮಗಳಿಗೆ ಕಳಿಸಿದಳು. ಅವಳು ಇನ್ನಾರಿಗೋ. ವಾರದೊಳಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯ ಹತ್ತನೇ ತರಗತಿಯ ಮಕ್ಕಳ ಫೋನಿನಲ್ಲಿ ನಾಗಕ್ಕನ ದನಿ ಓಡಾಡತೊಡಗಿತು. ಕೂಡ್ಲಿಗಿಯ ತಾಲ್ಲೂಕು ಕಚೇರಿಗೆ ದಿನಾ ಹೋಗಿಬಂದು ನೌಕರಿ ಮಾಡುತ್ತಿದ್ದ ಮಗಳು ಕ್ರಾಂತಿ ಅವ್ವನ ಹೆಸರಿನಲ್ಲಿ ವಾಟ್ಸಾಪ್ ಗುಂಪು ಮಾಡಿದಳು. "ಅಪ್ಪಾ, ಮುನ್ನೂರು ಮಂದಿ ಆದ್ರು!" ಎಂದು ಒಂದು ಸಂಜೆ ಫೋನು ಅವನ ಮುಖದ ಮುಂದೆ ಹಿಡಿದಳು. ಅವನು ಹೆಬ್ಬೆರಳು ಎತ್ತಿ ತೋರಿಸಿ ಹಿತ್ತಲಿಗೆ ಹೋದ.

ಮಾತು ನಿಂತವನಿಗೆ ಕಿವಿ ಜಾಸ್ತಿಯಾಗುತ್ತದೆ. ಊರಲ್ಲಿ ಎಲ್ಲಿ ಹೋದರೂ ಅದೇ ಸುದ್ದಿ. ಜೆರಾಕ್ಸ್ ಅಂಗಡಿಯ ಪಾಲಯ್ಯ ಅವನ ಹಳೆಯ ವಿದ್ಯಾರ್ಥಿ. ರಜೆ ಅರ್ಜಿಯ ಪ್ರತಿ ತೆಗೆಸಲು ಹೋದಾಗ ಪ್ರೀತಿಯಿಂದಲೇ ಹೇಳಿದ: "ಸರ್, ನಾನು ನಿಮ್ಮ ಕೈಯಾಗ ಓದಿದಾವ. ಪರೀಕ್ಷೆದಾಗ ಅಲಂಕಾರ ಬಿಟ್ಟು ಬಂದಿದ್ದೆ. ಮೊನ್ನಿ ಅಕ್ಕಾರ ಪಾಠ ಕೇಳಿದೆ ನೋಡ್ರಿ, ಹದಿನೈದು ವರ್ಷಕ್ಕ ಈಗ ತಲ್ಯಾಗ ಹೋತು!"

ಭೀಮರಾಜ ನಗುಮುಖದಿಂದ ತಲೆಯಾಡಿಸಿದ. ಮನೆಗೆ ಬರುವವರೆಗೂ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಒತ್ತಿತು. ತನ್ನ ಮಾತು ಒಂದಾದರೂ ಇಷ್ಟು ವರ್ಷದಲ್ಲಿ ಯಾರ ಬಾಯಲ್ಲಾದರೂ ತಿರುಗಿ ಬಂದಿದೆಯೇ? ಅವನು ಪದ್ಯ ಬರೆದಿದ್ದ, ಎರಡು ದಪ್ಪ ನೋಟ್‌ಬುಕ್ಕು ತುಂಬ. ತಾಲ್ಲೂಕಿನ ಕವಿಗೋಷ್ಠಿಯೊಂದರಲ್ಲಿ ಹನ್ನೊಂದನೆಯವನಾಗಿ ಓದಿದ್ದ. ಅವನು ಎದ್ದಾಗ ಜನ ಊಟಕ್ಕೆ ಎದ್ದಿದ್ದರು. ಈಗ ಅಡುಗೆಮನೆಯಿಂದ ಪಡಸಾಲೆಗೆ ಹತ್ತು ಹೆಜ್ಜೆ ಬಂದವಳ ಮಾತನ್ನು ಹಡಗಲಿ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತಾ ಹೇಳುತ್ತಾನೆ.

ಅವಳ ಮೇಲೆ ತಪ್ಪು ಹೊರಿಸಲು ಅವನಿಗೆ ಏನೂ ಸಿಗುತ್ತಿರಲಿಲ್ಲ, ಅದೇ ದೊಡ್ಡ ಕಷ್ಟ. ನಾಗಕ್ಕ ಮೊದಲಿಗಿಂತ ಹೆಚ್ಚು ಅಕ್ಕರೆಯಿಂದಿದ್ದಳು. ದಿನಕ್ಕೆರಡು ಸಲ ಬಿಸಿನೀರಿನ ಹಬೆ, ಜ್ಯೇಷ್ಠಮಧುವಿನ ಕಷಾಯ. "ಎಲ್ಲಾ ನಿಮ್ಮಿಂದ ಕೇಳಿದ್ದ ಅಲ್ಲೇನ್ರಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳು ಹಾಗೆ ಹೇಳಿದಾಗಲೆಲ್ಲ ಅವನಿಗೆ ತನ್ನ ಪಾಲಿಗೆ ಯಾರೋ ಎಂಜಲು ಬಡಿಸಿದಂತೆ ಅನ್ನಿಸುತ್ತಿತ್ತು. ಹಾಸಿಗೆಯಲ್ಲಿ ಬೆನ್ನು ಮಾಡಿ ಮಲಗತೊಡಗಿದ. ಅವಳು ಅದನ್ನು ಕಾಯಿಲೆಯ ಬೇಸರವೆಂದುಕೊಂಡಳು.

ಐದನೇ ವಾರ ಭೀಮರಾಜನ ಫೋನಿಗೆ ಹರಪನಹಳ್ಳಿಯಿಂದ ಹಾಲೇಶಪ್ಪನ ಕರೆ ಬಂತು. ಹಾಲೇಶಪ್ಪ ಕನ್ನಡ ಶಿಕ್ಷಕರ ನಡುವೆ ದೊಡ್ಡ ಹೆಸರು. ಪರೀಕ್ಷೆಗೆ ಮುಂಚೆ ಸುತ್ತಲಿನ ಐದು ತಾಲ್ಲೂಕಿನ ಮಕ್ಕಳನ್ನು ಸೇರಿಸಿ ಅವನು ನಡೆಸುವ ಶಿಬಿರದಲ್ಲಿ ಪಾಠ ಮಾಡಲು ಕರೆ ಬಂದರೆ ಅದೊಂದು ಪದವಿ ಬಂದ ಹಾಗೆ. ಭೀಮರಾಜ ಪ್ರತಿ ವರ್ಷ ಕಾಯುತ್ತಿದ್ದ. ಮಾತಾಡುವ ಹಾಗಿಲ್ಲವಾದ್ದರಿಂದ ನಾಗಕ್ಕ ಫೋನು ಎತ್ತಿ ಸ್ಪೀಕರಿಗೆ ಹಾಕಿದಳು.

"ಭೀಮರಾಜು ಅವರ ಮನೆಯವರಾ? ನಿಮ್ಮನ್ನೇ ಕೇಳೋಣ ಅಂತ ಮಾಡ್ದೆ ಕಣಮ್ಮ" ಎಂದ ಹಾಲೇಶಪ್ಪ. "ಬರೋ ಭಾನುವಾರ ಶಿಬಿರ ಐತೆ. ಅಲಂಕಾರಕ್ಕೆ ಒಂದು ತಾಸು ನೀವೇ ಬರ್ಬೇಕು. ಮಕ್ಳು ನಿಮ್ಮನ್ನೇ ಕೇಳ್ತಾವೆ."

ನಾಗಕ್ಕ ಬೆರಗಾಗಿ ಗಂಡನ ಮುಖ ನೋಡಿದಳು. ಅವನು ನಕ್ಕು, ಹೂಂ ಅನ್ನು ಎಂಬಂತೆ ಕೈ ಮಾಡಿದ. ಆ ನಗು ತನ್ನ ಮುಖದ ಮೇಲೆ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ಅಂದೇ ಸಂಜೆ ನಾಗಕ್ಕ ಕಾಗದ ಹಿಡಿದುಕೊಂಡು ಬಂದು ಅವನ ಮಗ್ಗುಲಲ್ಲಿ ಕುಳಿತಳು. "ಅಷ್ಟು ಮಂದಿ ಮುಂದ ಬರೇ ಅತ್ತಿ ಕತಿ ಹೇಳಿದ್ರ ಚಂದಲ್ಲ. ಒಂದಾರು ಸಾಲು ನೀವ ಬರಕೊಡ್ರಿ. ನಿಮ್ಮಂಗ ಸಾಲು ಕಟ್ಟಾಕ ನನಗ ಬರಂಗಿಲ್ಲ."

ಅವನು ಬರೆಯಲು ಕುಳಿತ. ಐದು ಸಾಲು ಬರೆದು ಒಂದೊಂದರ ಕೆಳಗೂ ಅಲಂಕಾರದ ಹೆಸರು ಹಾಕಿದ. ಆರನೆಯದಕ್ಕೆ ತನ್ನದೇ ಪದ್ಯದ ಸಾಲು ನೆನಪಾಯಿತು. ಅವನಿಗೆ ಬಹಳ ಇಷ್ಟವಾದ ಸಾಲು: 'ಗುಡ್ಡದ ನೆತ್ತಿಯಲಿ ಮೋಡ ನಿಂತಿತ್ತು, ದಣಿದ ಕುರಿಗಾರನೊಬ್ಬ ಕಂಬಳಿ ಹೊದ್ದು ಕುಳಿತನೋ ಎಂಬಂತೆ.' ಅದರ ಕೆಳಗೆ 'ಉ' ಎಂದು ಬರೆದ. ಪೆನ್ನು ನಿಂತಿತು. ಉತ್ಪ್ರೇಕ್ಷೆಗೂ ಅದೇ ಅಕ್ಷರ, ಉಪಮೆಗೂ ಅದೇ ಅಕ್ಷರ. ಅಡುಗೆಮನೆಯಲ್ಲಿ ನಾಗಕ್ಕ ಕ್ರಾಂತಿಯ ಹತ್ತಿರ, ಶಿಬಿರಕ್ಕೆ ಯಾವ ಸೀರೆ ಉಡಲೆಂದು ಕೇಳುತ್ತಿದ್ದಳು, ಮಗಳು ನಗುತ್ತಿದ್ದಳು. ಭೀಮರಾಜ 'ಉ'ದ ಮುಂದೆ 'ಪ' ಬರೆದ. ಆಮೇಲೆ ಉಳಿದ ಅಕ್ಷರಗಳು ಸಲೀಸಾಗಿ ಬಂದವು. ಉಪಮಾಲಂಕಾರ.

ನಾಗಕ್ಕ ಓದಿದವಳು ಆರನೇ ಸಾಲಿಗೆ ಬಂದು ಬೆರಳಿಟ್ಟು ನಿಂತಳು. "ಇದರಾಗ 'ಕುಳಿತನೋ ಎಂಬಂತೆ' ಐತಲ್ಲ. ಇದು ಉತ್ಪ್ರೇಕ್ಷೆ ಅಲ್ಲೇನ್ರಿ?"

ಅವನು ತಲೆ ಅಡ್ಡ ಆಡಿಸಿದ. ಪುಸ್ತಕ ತೆಗೆದುಕೊಂಡು ಬರೆದ: 'ಅಂತೆ ಬಂದರೆ ಉಪಮೆ.'

"ಹಂಗಾದ್ರ ನಾ ತಿಳಕೊಂಡದ್ದ ತಪ್ಪು" ಎಂದಳು ನಾಗಕ್ಕ. ಆ ಸಾಲನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, "ಎಷ್ಟು ಚಂದ ಬರದೀರಿ" ಎಂದು ಎದ್ದು ಹೋದಳು.

ಭಾನುವಾರ ಅವನು ಬರುವುದಿಲ್ಲವೆಂದು ಬರೆದು ತೋರಿಸಿದ. ಅವಳು ಕೇಳಲಿಲ್ಲ. "ನೀವು ಹಿಂದ ಕುಂತಿರ್ರಿ ಸಾಕು, ನನಗ ಧೈರ್ಯ ಬರತೈತಿ." ಇಬ್ಬರೂ ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಹೋದರು.

ಇನ್ನೂರಕ್ಕೂ ಹೆಚ್ಚು ಮಕ್ಕಳು, ಗೋಡೆ ಬದಿಯ ಕುರ್ಚಿಗಳಲ್ಲಿ ಮೇಷ್ಟ್ರುಗಳು. ಕೊಟ್ಟೂರಿನ ಮಕ್ಕಳ ಜೊತೆ ಭೂಮಿಕಾ ಕೂಡ ಬಂದು ಮುಂದೆ ಕುಳಿತಿದ್ದಳು. ಹಾಲೇಶಪ್ಪ ನಾಗಕ್ಕನಿಗೆ ಶಾಲು ಹೊದಿಸಿ ಮೈಕು ಕೊಟ್ಟ. ಮೊದಲ ಎರಡು ಮಾತಿಗೆ ಅವಳ ದನಿ ನಡುಗಿತು, ಆಮೇಲೆ ಹಿಡಿತಕ್ಕೆ ಬಂತು. ಮುಕ್ಕಾಲು ತಾಸು ಆ ಮಕ್ಕಳು ಅಲುಗಾಡಲಿಲ್ಲ. ಕೊನೆಯ ಸಾಲಿನಲ್ಲಿ ಭೀಮರಾಜ ಎರಡು ಕೈಗಳನ್ನೂ ಮೊಣಕಾಲ ನಡುವೆ ಅದುಮಿಕೊಂಡು ಕುಳಿತಿದ್ದ. ಆ ಮೈಕಿನ ಮುಂದೆ ಎಷ್ಟು ಸಲ ಅವನು ಮನಸ್ಸಿನಲ್ಲೇ ನಿಂತಿದ್ದನೋ. ಮಕ್ಕಳು ನಕ್ಕಾಗಲೆಲ್ಲ ಅವನ ಹೊಟ್ಟೆಯಲ್ಲಿ ಉರಿ ಎದ್ದಿತು. ಅದರ ಜೊತೆಗೇ, ಆರನೇ ಸಾಲು ಅವಳು ಮರೆತುಬಿಡಲಿ ಎಂಬ ಆಸೆಯೂ ಇತ್ತು. ಎದ್ದು ನಿಂತು ಕೈ ಬೀಸಿದ್ದರೆ ಸಾಕಿತ್ತು. ಅವಳು ನಿಲ್ಲಿಸುತ್ತಿದ್ದಳು.

"ಈಗ ಒಂದು ಚಂದದ ಸಾಲು ಹೇಳ್ತೀನಿ" ಎಂದು ನಾಗಕ್ಕ ಗುಡ್ಡ, ಮೋಡ, ಕಂಬಳಿಯ ಸಾಲು ಹೇಳಿದಳು. "ಇದು ಉಪಮಾಲಂಕಾರ."

ಹರಪನಹಳ್ಳಿಯ ಹುಡುಗಿಯೊಬ್ಬಳು ಎದ್ದಳು. "ಮಿಸ್, 'ಎಂಬಂತೆ' ಬಂದ್ರೆ ಉತ್ಪ್ರೇಕ್ಷೆ ಅಲ್ವಾ?"

"ಅಲ್ಲವ್ವ. ಅಂತೆ ಬಂದರೆ ಉಪಮೆ." ನಾಗಕ್ಕನ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಮೇಷ್ಟ್ರುಗಳ ಕಡೆ ಗುಜುಗುಜು ಎದ್ದಿತು. ಹಾಲೇಶಪ್ಪ ನಗುತ್ತಾ ಬಂದು ಅವಳ ಕೈಯಿಂದ ಮೈಕು ತೆಗೆದುಕೊಂಡ. "ಮಕ್ಳೇ, ಅದನ್ನ ಹೊಡೆದು ಹಾಕ್ರಪ್ಪ. ಅದು ಉತ್ಪ್ರೇಕ್ಷೆ. ಮೋಡವನ್ನ ಕುರಿಗಾರ ಅಂತ ಕಲ್ಪಿಸಿದಾರೆ. ಪಾಪ, ಅಮ್ಮನೋರು ಟ್ರೈನಿಂಗ್ ಆದೋರಲ್ಲ. ಕತೆ ಹೇಳೋದೇ ಬೇರೆ, ಶಾಸ್ತ್ರನೇ ಬೇರೆ."

ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಆ ಒಂದು ಕ್ಷಣ ಭೀಮರಾಜನ ಎದೆಗೆ ತಣ್ಣನೆಯ ನೀರು ಸುರಿದ ಹಾಗೆ ಹಿತವಾಯಿತು. ಹಿತವಾಯಿತು ಎಂಬುದೇ ಅವನಿಗೆ ಗಾಬರಿ ಹುಟ್ಟಿಸಿತು. ನಾಗಕ್ಕ ವೇದಿಕೆಯಿಂದ ನೇರವಾಗಿ ಕೊನೆಯ ಸಾಲಿನ ಕಡೆ ನೋಡಿದಳು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುವವನಂತೆ ತಲೆ ತಗ್ಗಿಸಿದ.

ಅವಳ ದನಿ ಕೇಳಿತು, ಮೈಕಿಲ್ಲದೆ: "ತಪ್ಪು ನಂದರಿ ಸರ್. ಮಕ್ಕಳು ತಿದ್ದಿಕೊಳ್ಳಲಿ."

ವಾಪಸು ಬರುವ ಬಸ್ಸಿನಲ್ಲಿ ನಾಗಕ್ಕ ಕಿಟಕಿಯ ಪಕ್ಕ ಕುಳಿತಳು. ಆಮೇಲೆ ಹೆಗಲ ಮೇಲಿದ್ದ ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಅವನ ತೊಡೆಯ ಮೇಲಿಟ್ಟಳು. "ಇದು ನಿಮಗ ಬೇಕಾಗಿತ್ತಲ್ಲ. ಇಟ್ಕೊಳ್ರಿ."

ಅವನು ಪುಸ್ತಕ ತೆಗೆದು ಬರೆದ: 'ಗಮನಿಸಲಿಲ್ಲ. ಕಣ್ತಪ್ಪಾಯಿತು.' ಅವಳು ಓದಿದಳು.

"ಕೇಳಿದ್ನಲ್ಲ ನಿಮ್ಮನ್ನ. ಬೆರಳಿಟ್ಟು ಕೇಳಿದೆ" ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ಮಕ್ಕಳು ಬಂದಾಗ ಪಡಸಾಲೆಯ ಬಾಗಿಲು ಹಾಕಿತ್ತು. "ಸರ್‌ದು ದನಿ ಬರಲಿ, ಆಮ್ಯಾಲ ಬರ್ರವ್ವ" ಎಂದು ನಾಗಕ್ಕ ಹೊಸ್ತಿಲ ಆಚೆಯಿಂದಲೇ ಕಳಿಸಿಬಿಟ್ಟಳು. ಅವ್ವ ಗುಂಪಿನಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದೇಕೆಂದು ಕ್ರಾಂತಿ ಎಷ್ಟು ಕೇಳಿದರೂ, "ನನಗ ಬರಂಗಿಲ್ಲ ತಗಿ ಅದೆಲ್ಲ" ಎಂದು ಅವಳು ಅಂಗನವಾಡಿಗೆ ಹೊರಟಳು. ಕಷಾಯ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನು ಬಯಸಿದ್ದು ಸಿಕ್ಕಿತ್ತು. ಎಲ್ಲಿಯೂ ಅವಳ ದನಿ ಇರಲಿಲ್ಲ. ಮನೆಯಲ್ಲಿ ಈಗ ಮಾತಾಡದವರು ಇಬ್ಬರು. ಅವನು ಜೀರ್ಣವಾಗದ್ದನ್ನು ತಿಂದವನ ಹಾಗೆ ಒಳಗೆ ಹೊರಗೆ ಓಡಾಡಿದ.

ಮೂರನೇ ದಿನ ಸಂಜೆ ನಾಲ್ಕರ ಹೊತ್ತಿಗೆ ಭೂಮಿಕಾ ಒಬ್ಬಳೇ ಬಂದಳು. ನಾಗಕ್ಕ ಅಂಗನವಾಡಿಯಿಂದ ಇನ್ನೂ ಬಂದಿರಲಿಲ್ಲ. ಹುಡುಗಿ ಬಾಗಿಲಲ್ಲೇ ನಿಂತು, ಸೆರಗಿನಂತೆ ವೇಲಿನ ತುದಿ ತಿರುವುತ್ತಾ ಕೇಳಿದಳು:

"ಸರ್, ಒಂದು ತಿಳೀವಲ್ದು. ಅಕ್ಕ ನಮಗ ಮೊದಲ ದಿನಾನ ಉತ್ಪ್ರೇಕ್ಷೆ ಸರಿ ಹೇಳಿಕೊಟ್ಟಿದ್ರು. ಒಲಿ ತಾನ ಹತ್ತಿಕೊಂತೇನೋ ಅನ್ನಂಗಿತ್ತು ಅಂತ. ಅದೂ ಇದೂ ಒಂದ ಥರ ಐತಲ್ಲರಿ. ಮತ್ತ ಅಲ್ಲಿ ಯಾಕ ಉಪಮೆ ಅಂದ್ರು? ಅಕ್ಕ ತಪ್ಪೋರಲ್ಲರಿ."

ಭೀಮರಾಜ ಪುಸ್ತಕ ತೆಗೆದ. 'ಎಲ್ಲರೂ ತಪ್ಪುತ್ತಾರೆ' ಎಂದು ಬರೆದು ಹೊಡೆದು ಹಾಕಿದ. 'ಗಡಿಬಿಡಿಯಲ್ಲಿ' ಎಂದು ಬರೆದು ಅದನ್ನೂ ಹೊಡೆದ. ಹುಡುಗಿ ಕಾಯುತ್ತಾ ನಿಂತಿದ್ದಳು. ಅವಳ ಕಣ್ಣಲ್ಲಿ ಅನುಮಾನವಿರಲಿಲ್ಲ. ಮೇಷ್ಟ್ರು ಬರೆದರೆ ಅದೇ ಸರಿ ಎಂಬ ನಂಬಿಕೆ ಇತ್ತು, ಬೆರಳಿಟ್ಟು ಕೇಳಿದವಳ ಕಣ್ಣಲ್ಲಿದ್ದ ಹಾಗೆಯೇ. ಅವನು ಪೆನ್ನು ಕೆಳಗಿಟ್ಟ.

"ನಾನ ತಪ್ಪಸಿದ್ನವ್ವ" ಎಂದ.

ತುಕ್ಕು ಹಿಡಿದ ಚಿಲಕ ತೆಗೆದಂಥ ದನಿ. ಭೂಮಿಕಾ ಬೆದರಿ, "ಸರ್, ಮಾತಾಡಬ್ಯಾಡ್ರಿ, ಡಾಕ್ಟರು..." ಎಂದಳು. ಅವನು ಕೈ ಎತ್ತಿ ತಡೆದ.

"ಫೋನ್‌ದಾಗ ರೆಕಾರ್ಡ್ ಮಾಡು. ಅಕ್ಕನ ಗುಂಪಿಗೆ ಹಾಕು."

ಅವಳು ಹಿಂಜರಿಯುತ್ತಾ ತಾಯಿಯ ಫೋನು ಹಿಡಿದಳು. ಭೀಮರಾಜ ಪದಕ್ಕೊಮ್ಮೆ ನಿಂತು, ಉಗುಳು ನುಂಗಿ ಹೇಳಿದ: "ನಾನು ಕೊಟ್ಟೂರಿನ ಭೀಮರಾಜ ಮಾತಾಡಾಕತ್ತೀನಿ. ಹರಪನಹಳ್ಳಿ ಶಿಬಿರದಾಗ ನಾಗಕ್ಕ ಹೇಳಿದ ಸಾಲು ನಾನು ಬರದಿದ್ದು. ಅದರ ಕೆಳಗ ಉಪಮೆ ಅಂತ ಬರದಾವನೂ ನಾನ. ಉತ್ಪ್ರೇಕ್ಷೆ ಅಲ್ಲೇನು ಅಂತ ಆಕಿ ಕೇಳಿದ್ಲು. ಅಲ್ಲ ಅಂದೆ. ಗೊತ್ತಿದ್ದು ಅಂದೆ. ಆಕೀಗೆ ಶಾಸ್ತ್ರ ಬರತೈತಿ. ಹೊಟ್ಟಿಕಿಚ್ಚಿಗೆ ನಾನು ಮಾಡಿದ ಕೆಲಸ ಇದು."

ಭೂಮಿಕಾ ಅದನ್ನು ಕಳಿಸಿ, ಅವನ ಮುಖ ನೋಡಲಾಗದೆ ಬಿರಬಿರನೆ ಹೊರಟುಹೋದಳು. ಅವನು ತನ್ನ ಫೋನಿಗೂ ಬಂದದ್ದನ್ನು ತೆರೆದು ಶಿಕ್ಷಕರ ಗುಂಪಿಗೆ ತಾನೇ ಹಾಕಿದ. ಆಮೇಲೆ ಫೋನು ಬಂದ್ ಮಾಡಿ ಹಿತ್ತಲ ಕಟ್ಟೆಯ ಮೇಲೆ ಕುಳಿತ.

ನಾಗಕ್ಕ ಅಂಗನವಾಡಿಯಲ್ಲಿ ಮಕ್ಕಳ ಚಾಪೆ ಮಡಚುತ್ತಿದ್ದಾಗ ಓಣಿಯ ಹೆಂಗಸೊಬ್ಬಳು ಓಡಿಬಂದು ಅದನ್ನು ಅವಳಿಗೆ ಕೇಳಿಸಿದ್ದಳಂತೆ. ಮನೆಗೆ ಬಂದವಳು ಕೈಕಾಲು ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು, ಹಿತ್ತಲಿಗೆ ಬಂದು ಅವನೆದುರು ನಿಂತಳು.

"ಯಾಕ್ರಿ?"

"ನಿನ್ನ ಪಾಠ ನನ್ನದಕ್ಕಿಂತ ಚಂದ ಇತ್ತು."

"ಅದಕ್ಕ?"

"ಅದಕ್ಕ."

ನಾಗಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಇಪ್ಪತ್ತು ವರ್ಷ ನಿಮ್ಮ ಪಾಠ ರೊಟ್ಟಿ ಬಡಕೊಂತ ಕೇಳೀನಿ ನಾನು. ಪಡಸಾಲ್ಯಾಗ ನಿಮ್ಮ ಮುಂದ ಕುಂತು ಬರಕೋತಿದ್ವಲ್ಲ ಆ ಹುಡಿಗೇರು, ಅವರನ್ನ ನೋಡಿ ನನಗ ಒಂದಿನ ಹೊಟ್ಟಿ ಉರೀಲಿಲ್ಲ ಅಂತ ತಿಳದೀರೇನು? ದಿನಾ ಉರೀತು. ಓದು ಬಿಟ್ಟು ಬಂದಾಕಿ ನಾನು. ಒಂದಿನ ಆದ್ರೂ 'ನೀನೂ ಬಂದು ಕುಂದರ' ಅಂದ್ರೇನು? ಆದ್ರ ನಿಮ್ಮ ಪಾಠಕ್ಕ ನಾನು ಕಲ್ಲು ಹಾಕಲಿಲ್ಲ."

ಭೀಮರಾಜ ಏನೋ ಹೇಳಹೋದ. "ಸಾಕು, ಗಂಟಲ ಹರೀತೈತಿ" ಎಂದು ಅವಳು ಎದ್ದು ಒಳಗೆ ಹೋದಳು. ದನಿಯಲ್ಲಿ ಕರುಣೆ ಇತ್ತೋ ಬೇಸರ ಇತ್ತೋ ಅವನಿಗೆ ಗೊತ್ತಾಗಲಿಲ್ಲ.

ಹೊಸಪೇಟೆಯ ಡಾಕ್ಟರು ಬಯ್ದರು, ಇನ್ನೂ ಒಂದು ತಿಂಗಳು ಮಾತು ಬೇಡವೆಂದರು. ದನಿ ಆಮೇಲೆ ಬಂತಾದರೂ ಮೊದಲಿನ ಹಾಗೆ ಬರಲಿಲ್ಲ. ಅರ್ಧ ತಾಸು ಪಾಠ ಮಾಡಿದರೆ ಒಡೆಯುತ್ತಿತ್ತು. ಶಾಲೆಯಲ್ಲಿ ಸಹೋದ್ಯೋಗಿಗಳು ಅವನು ಬಂದಾಗ ಮಾತು ಬದಲಿಸುತ್ತಿದ್ದರು. ಕ್ರಾಂತಿ ಯುಗಾದಿಯವರೆಗೆ ಅಪ್ಪನ ಜೊತೆ ಮಾತು ಬಿಟ್ಟಳು. ಪಾಲಯ್ಯ ಮಾತ್ರ ಜೆರಾಕ್ಸ್ ತೆಗೆಯುತ್ತಾ, "ಹೇಳಿಬಿಟ್ರಲ್ಲ ಸರ್, ಅದು ದೊಡ್ಡದು" ಎಂದ. ಆ ಮಾತನ್ನು ಎತ್ತದಿದ್ದರೇ ಚೆನ್ನಾಗಿತ್ತು ಎಂದು ಭೀಮರಾಜನಿಗೆ ಅನ್ನಿಸಿತು.

ಪಡಸಾಲೆಯ ಬಾಗಿಲು ತೆರೆಯಿತು. ಪರೀಕ್ಷೆಯವರೆಗೂ ಅಲ್ಲಿ ನಾಗಕ್ಕನೇ ಕಲಿಸಿದಳು. ಭೂಮಿಕಾಗೆ ಕನ್ನಡದಲ್ಲಿ ಎರಡೇ ಅಂಕ ಹೋದವು. ಜೂನಿನಲ್ಲಿ ಹೊಸ ಮಕ್ಕಳು ಬಂದಾಗ ಸಂಧಿ, ಸಮಾಸ, ಛಂದಸ್ಸು ಭೀಮರಾಜನಿಗೆ, ಅಲಂಕಾರ ನಾಗಕ್ಕನಿಗೆ ಎಂದು ಮಾತಿಲ್ಲದೆಯೇ ಪಾಲಾಯಿತು. ಆದರೆ ನಾಗಕ್ಕ ಈಗ ಅನುಮಾನ ಬಂದರೆ ಗಂಡನನ್ನು ಕೇಳುತ್ತಿರಲಿಲ್ಲ. ಹರಪನಹಳ್ಳಿಗೆ ಫೋನು ಮಾಡಿ ಹಾಲೇಶಪ್ಪನನ್ನು ಕೇಳುತ್ತಿದ್ದಳು. ಅವನು ಕ್ಷಮೆ ಕೇಳಿ, ಯಾವಾಗ ಬೇಕಾದರೂ ಫೋನು ಮಾಡಿ ಎಂದಿದ್ದ. "ಹ್ಞೂಂ ಸರ್... ಹೌದೇನ್ರಿ ಸರ್..." ಎಂದು ಅಡುಗೆಮನೆಯಿಂದ ಅವಳ ದನಿ ಬರುತ್ತಿದ್ದಾಗ ಭೀಮರಾಜ ಪೇಪರು ಮುಖಕ್ಕೆ ಅಡ್ಡ ಹಿಡಿದು ಕುಳಿತಿರುತ್ತಿದ್ದ. ಉತ್ತರ ಅವನಿಗೆ ಗೊತ್ತಿರುತ್ತಿತ್ತು. ಹಾಲೇಶಪ್ಪನಿಗಿಂತ ಮೊದಲೇ ಗೊತ್ತಿರುತ್ತಿತ್ತು. ಹಳೆಯ ಉರಿ ಹೊಟ್ಟೆಯಲ್ಲಿ ಹೊರಳಿ ಏಳುತ್ತಿತ್ತು. ಈಗ ಅದಕ್ಕೆ ಹೆಸರಿಟ್ಟು ಗುರುತಿಸುವಷ್ಟು ಮಾತ್ರ ಅವನು ಕಲಿತಿದ್ದ. ನುಂಗಿಕೊಂಡು ಪೇಪರಿನ ಹಾಳೆ ತಿರುವುತ್ತಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಪಾಠದ ನಡುವೆ ಒಬ್ಬ ಹುಡುಗಿ ನಾಗಕ್ಕನನ್ನು ಕೇಳಿದಳು: "'ಅಂತೆ' ಅನ್ನೋ ಉಪಮಾವಾಚಕಾನ ಬಿಟ್ಟುಹೋಗಿದ್ರ ಅದನ್ನ ರೂಪಕ ಅನ್ಬೇಕೋ, ಉಪಮೆ ಅನ್ಬೇಕೋ ಅಕ್ಕಾ?" ನಾಗಕ್ಕ ಒಳಗೆ ಬಂದು ಫೋನು ಹಚ್ಚಿದಳು. ಹರಪನಹಳ್ಳಿಯಲ್ಲಿ ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಭೀಮರಾಜ ಗಂಟಲು ಸರಿಮಾಡಿಕೊಂಡ.

"ಲುಪ್ತೋಪಮೆ" ಎಂದ, ಪೇಪರು ಇಳಿಸದೆಯೇ. "ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ, ಈ ನಾಲ್ಕರಾಗ ಒಂದು ಇಲ್ಲದಿದ್ರೂ, ಎರಡೂ ಬ್ಯಾರೆ ಬ್ಯಾರೆ ಅನ್ನೋದು ಉಳದಿದ್ರ ಅದು ಉಪಮೇನ."

ನಾಗಕ್ಕ ಫೋನು ಕೆಳಗಿಟ್ಟಳು. ಅಲಮಾರಿಯಿಂದ ವ್ಯಾಕರಣದ ಪುಸ್ತಕ ತೆಗೆದಳು. ಹಾಳೆ ತಿರುವಿ, ಬೆರಳಿಟ್ಟು, ಸಾಲನ್ನು ಕೊನೆಯವರೆಗೂ ಓದಿದಳು. ಅವನು ಪೇಪರಿನ ಅಂಚಿನ ಮೇಲಿಂದ ನೋಡಿದ.

"ಹ್ಞೂಂ. ಹಂಗ ಐತಿ" ಎಂದು ಪುಸ್ತಕ ಮುಚ್ಚಿ, ಮಕ್ಕಳ ಕಡೆಗೆ ನಡೆದಳು.